ಕ್ಯಾಸಿನೊದಲ್ಲಿ ದೊಡ್ಡ ಮೊತ್ತ ಗೆದ್ದಿರಾ? ಮೇಜಿನಿಂದ ಎದ್ದ ಮೇಲೆ ಮಾಡಬೇಕಾದ ಕೆಲಸಗಳು

ಒಂದು ಸೋಮವಾರ ಬೆಳಿಗ್ಗೆ ನಾನು ಗಾಂಧಿಬಜಾರಿನ ಆಫೀಸಿನ ಬೀಗ ತೆಗೆಯುವ ಮುಂಚೆಯೇ ಮೆಟ್ಟಿಲ ಮೇಲೆ ಒಬ್ಬರು ಕೂತಿದ್ದರು. ಜೆ.ಸಿ. ರಸ್ತೆಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವರು, ನನ್ನ ಹತ್ತಿರ ತೆರಿಗೆ ಲೆಕ್ಕ ಮಾಡಿಸುವ ಹಳೇ ಕ್ಲೈಂಟು. ರಾತ್ರಿ ಬಸ್ಸಿನ ನಿದ್ದೆಗೆಟ್ಟ ಕಣ್ಣು, ಬಾಡಿದ ಷರಟು, ತೊಡೆಯ ಮೇಲೆ ಗೋಡಂಬಿ ಪೊಟ್ಟಣಗಳ ಕವರ್ರು.

"ಸಾರ್, ಇಪ್ಪತ್ತು ಲಕ್ಷ ಬಂತು" ಅಂದರು, ಯಾರೋ ಹೋಗಿಬಿಟ್ಟರು ಅನ್ನುವಷ್ಟು ಸಣ್ಣ ದನಿಯಲ್ಲಿ.

"ಎಲ್ಲಿಂದ?"

"ಪಣಜಿ. ರೂಲೆಟ್ಟು."

ಕವರಿನ ತಳದಿಂದ ಗೋಡಂಬಿ ಪುಡಿ ಮೆತ್ತಿದ ಒಂದು ಚೀಟಿ ತೆಗೆದುಕೊಟ್ಟರು. ಅದರಲ್ಲಿ 6 ಲಕ್ಷ ತೆರಿಗೆ ಕಡಿತ, 14 ಲಕ್ಷ ಬ್ಯಾಂಕ್ ಖಾತೆಗೆ ಎಂದಿತ್ತು. "ತೆರಿಗೆ ಅವರೇ ಹಿಡ್ಕೊಂಡಿದಾರಲ್ಲ, ಇನ್ನು ಈ ಹದಿನಾಲ್ಕೂ ನಂದೇ ತಾನೇ?" ಎಂದು ಕೇಳಿದರು. ಅಲ್ಲ ಎಂದು ವಿವರಿಸುವ ಹೊತ್ತಿಗೆ ಎರಡು ಸಲ ಕಾಫಿ ತರಿಸಬೇಕಾಯಿತು. ಅವತ್ತು ಹೇಳಿದ್ದನ್ನೂ, ಅವರು ಪಣಜಿಯಲ್ಲಿರುವಾಗಲೇ ಫೋನ್ ಮಾಡಿದ್ದರೆ ಹೇಳಬಹುದಾಗಿದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಮೊದಲು ಒಂದು ಹಿನ್ನೆಲೆ. ಕರ್ನಾಟಕದಲ್ಲಿ ಕ್ಯಾಸಿನೊಗೆ ಪರವಾನಗಿ ಇಲ್ಲ. ಜೂಜಿಗೆ 1963ರ ಪೊಲೀಸ್ ಕಾಯ್ದೆ ಅಡ್ಡ ಇದೆ, ಲಾಟರಿಯನ್ನೂ 2007ರಲ್ಲಿ ನಿಲ್ಲಿಸಿದರು. ಹಾಗಾಗಿ ಬೆಂಗಳೂರಿನವರು ಕ್ಯಾಸಿನೊ ಅಂದರೆ ಬಹುಪಾಲು ಗೋವಾ ಎಂದೇ ಅರ್ಥ. ಅಲ್ಲಿ 1976ರ ಜೂಜು ಕಾಯ್ದೆಗೆ ತೊಂಬತ್ತರ ದಶಕದಲ್ಲಿ ತಿದ್ದುಪಡಿ ತಂದು ಮೊದಲು ಪಂಚತಾರಾ ಹೋಟೆಲುಗಳಲ್ಲಿ ಸ್ಲಾಟ್ ಯಂತ್ರಗಳಿಗೆ, ಆಮೇಲೆ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೆ ಅವಕಾಶ ಕೊಟ್ಟರು. ಮಾಂಡೋವಿ ನದಿಯಲ್ಲಿ ದೀಪ ಹಾಕಿಕೊಂಡು ನಿಂತಿರುವ ಹಡಗುಗಳು ಅವೇ. 21 ತುಂಬಿರಬೇಕು. ಗೋವಾದವರಿಗೆ 2020ರ ಫೆಬ್ರವರಿಯಿಂದ ಒಳಗೆ ಪ್ರವೇಶವಿಲ್ಲ. ತಮ್ಮವರನ್ನು ಹೊರಗಿಟ್ಟು ನಮ್ಮನ್ನು ಕರೆಯುತ್ತಾರೆ ಎನ್ನುವುದನ್ನು ಬೆಂಗಳೂರಿನವರು ಗಮನಿಸಿದಂತಿಲ್ಲ.

ಮೇಜಿನಿಂದ ಏಳುವುದು

ಇಡೀ ಪಟ್ಟಿಯಲ್ಲಿ ಕಷ್ಟದ ಕೆಲಸ ಇದೇ. ರೂಲೆಟ್ ಅಂದರೆ ತಿರುಗುವ ಚಕ್ರದಲ್ಲಿ ಗೋಲಿ ಯಾವ ಅಂಕಿಯ ಮನೆಯಲ್ಲಿ ನಿಲ್ಲುತ್ತದೆ ಎಂದು ದುಡ್ಡು ಕಟ್ಟುವ ಆಟ. ಒಂಟಿ ಸೊನ್ನೆಯ ಚಕ್ರದಲ್ಲಿ 37 ಮನೆಗಳಿವೆ. ಒಂದೇ ಸಂಖ್ಯೆಗೆ ಕಟ್ಟಿ ಗೆದ್ದರೆ 35 ಪಟ್ಟು ಕೊಡುತ್ತಾರೆ, ಲೆಕ್ಕ ಸರಿಹೋಗಬೇಕಿದ್ದರೆ 36 ಕೊಡಬೇಕಿತ್ತು. ಆ ಒಂದು ಪಟ್ಟಿನ ಕೊರತೆಯೇ ಕ್ಯಾಸಿನೊದ ಸಂಪಾದನೆ: ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ. ಜೋಡಿ ಸೊನ್ನೆಯ ಚಕ್ರವಾದರೆ 5 ರೂಪಾಯಿ 26 ಪೈಸೆ. ಕೇಳಲು ಚಿಲ್ಲರೆ ಅನ್ನಿಸುತ್ತದೆ. ಆದರೆ ಗೆದ್ದ 20 ಲಕ್ಷವನ್ನು ಬೆಳಗಾಗುವುದರೊಳಗೆ ಹತ್ತು ಸಲ ತಿರುಗಿಸಿದಿರಿ ಅಂದರೆ 2 ಕೋಟಿ ಕಟ್ಟಿದ ಹಾಗಾಯಿತು, ಅದರ 2.7 ಪರ್ಸೆಂಟು 5 ಲಕ್ಷ 40 ಸಾವಿರ. ಅದೃಷ್ಟ ಕೈಕೊಡಬೇಕಾಗಿಯೇ ಇಲ್ಲ, ಸರಾಸರಿಯೇ ಅಷ್ಟನ್ನು ತಿಂದುಹಾಕುತ್ತದೆ.

ಏಳುವ ಮುಂಚೆ ಮೇಜಿನ ಆಟ ನಡೆಸುವ ಡೀಲರಿಗೆ ಹೇಳಿ ಸಣ್ಣ ಚಿಪ್ಪುಗಳನ್ನು (ನೋಟಿನ ಬದಲು ಆಡುವ ಬಿಲ್ಲೆಗಳು) ದೊಡ್ಡ ಬೆಲೆಯವಕ್ಕೆ ಬದಲಾಯಿಸಿಕೊಳ್ಳಿ, ಎಣಿಸುವುದೂ ಹೊರುವುದೂ ಸುಲಭ. ಟಿಪ್ಸ್ ಕೊಡುವುದಾದರೆ ಎಷ್ಟು ಎಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಕೊಡಿ, ಖುಷಿಯಲ್ಲಿ ಹಿಡಿಗಟ್ಟಲೆ ತಳ್ಳಬೇಡಿ. ಆ ಟಿಪ್ಸನ್ನೂ ತೆರಿಗೆಯಲ್ಲಿ ಕಳೆಯಲು ಬರುವುದಿಲ್ಲ. ದೊಡ್ಡ ಗೆಲುವಾದರೆ ಸೂಪರ್‌ವೈಸರ್ ಬಂದು ಪಕ್ಕ ನಿಲ್ಲಬಹುದು, ಕ್ಯಾಮೆರಾ ದೃಶ್ಯ ನೋಡಿ ಖಚಿತಪಡಿಸಿಕೊಳ್ಳುವವರೆಗೆ ಕಾಯಿಸಬಹುದು. ಕಳ್ಳನ ಹಾಗೆ ನೋಡುತ್ತಿದ್ದಾರೆ ಎಂದು ಸಿಟ್ಟಾಗಬೇಡಿ, ಅವರ ದಿನನಿತ್ಯದ ಕೆಲಸ ಅದು. ಆ ಹೊತ್ತಿನಲ್ಲಿ "ಕಾಯೋವರೆಗೂ ಇನ್ನೊಂದು ರೌಂಡ್" ಅನ್ನುವ ಗೆಳೆಯ ಇದ್ದೇ ಇರುತ್ತಾನೆ. ಅವನನ್ನು ಊಟಕ್ಕೆ ಕಳಿಸಿ.

ಕ್ಯಾಶ್ ಕೌಂಟರಿನಲ್ಲಿ

ಟಿಕೆಟ್ಟಿನ ಜೊತೆ ಪುಕ್ಕಟೆಯಾಗಿ ಬರುವ ಚಿಪ್ಪುಗಳಿವೆಯಲ್ಲ, ಒಟಿಪಿ ಅನ್ನುತ್ತಾರೆ, ಒಂದೇ ಸಲ ಆಡುವಂಥವು. ಬ್ಯಾಂಕಿನ ಒಟಿಪಿಗೂ ಅದಕ್ಕೂ ಸಂಬಂಧವಿಲ್ಲ. ಅವನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು ಬರುವುದಿಲ್ಲ. ಅವುಗಳಿಂದ ಆಡಿ ಗೆದ್ದ ಕ್ಯಾಶ್ ಚಿಪ್ಪಿಗೆ ಮಾತ್ರ ಬರುತ್ತದೆ. ಮಿಕ್ಕ ಎಲ್ಲ ಕ್ಯಾಶ್ ಚಿಪ್ಪುಗಳನ್ನೂ ಹಡಗಿನಿಂದ ಇಳಿಯುವ ಮುಂಚೆಯೇ ಒಪ್ಪಿಸಿ. ದಡಕ್ಕೆ ಬಂದ ಮೇಲೆ ಅವು ಬರೀ ಪ್ಲಾಸ್ಟಿಕ್ ಬಿಲ್ಲೆಗಳು.

ಪ್ಯಾನ್ ಕಾರ್ಡ್, ಆಧಾರ್ ಜೊತೆಗಿರಲಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ಕ್ಯಾಸಿನೊಗಳೂ ಬ್ಯಾಂಕುಗಳ ಹಾಗೆ ಗಿರಾಕಿಯ ಗುರುತು ದಾಖಲಿಸಬೇಕು, 10 ಲಕ್ಷ ಮೀರಿದ ನಗದು ವ್ಯವಹಾರವನ್ನು ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಇಲ್ಲೇ ಅತಿಬುದ್ಧಿವಂತರು ಎಡವುವುದು. "ನಂದು ಆಗಲೇ ಜಾಸ್ತಿ ಇನ್‌ಕಮ್ ಇದೆ, ನಿನ್ನ ಪ್ಯಾನ್ ಮೇಲೆ ತಗೊಂಡುಬಿಡು ಮಗಾ" ಎಂದು ಗೆಳೆಯನ ಹೆಸರಿಗೆ ಬರೆಸುತ್ತಾರೆ. ಆ ಕ್ಷಣದಿಂದ ಕಾಗದದ ಮೇಲೆ ಗೆದ್ದವನು ಅವನು. ತೆರಿಗೆಯ ಮೂಲ ದರ ಇಬ್ಬರಿಗೂ ಒಂದೇ ಆದ್ದರಿಂದ ಉಳಿಯುವುದೂ ಹೆಚ್ಚೇನಿಲ್ಲ, ಗೆಳೆಯ ನಾಳೆ ಕೈ ಎತ್ತಿದರೆ ನಿಮ್ಮ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ.

ದುಡ್ಡನ್ನು ನೋಟಿನಲ್ಲಿ ಕೇಳಲೇಬೇಡಿ. ಒಬ್ಬರಿಂದ ಒಂದು ದಿನಕ್ಕೆ, ಅಥವಾ ಒಂದು ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ ಎಂದು ಆದಾಯ ತೆರಿಗೆ ಕಾನೂನಿದೆ. ಪಡೆದರೆ ದಂಡ ಬೀಳುವುದು ಪಡೆದವರಿಗೆ, ಎಷ್ಟು ಪಡೆದರೋ ಅಷ್ಟು. 20 ಲಕ್ಷ ನೋಟು ತಂದವನಿಗೆ 20 ಲಕ್ಷ ದಂಡ! ಬ್ಯಾಂಕಿನಿಂದ ಬ್ಯಾಂಕಿಗೆ ನೇರ ವರ್ಗಾವಣೆ, ಅಂದರೆ ಆರ್‌ಟಿಜಿಎಸ್, ಮಾಡಲು ಹೇಳಿ. 2020ರ ಡಿಸೆಂಬರಿನಿಂದ ಅದು ಹಗಲೂ ರಾತ್ರಿ ನಡೆಯುತ್ತದೆ, ಭಾನುವಾರ ನಡುರಾತ್ರಿ ಬ್ಯಾಂಕ್ ಮುಚ್ಚಿದೆ ಅನ್ನುವ ಸಬೂಬು ಈಗ ನಡೆಯದು.

ಹೊರಡುವ ಮುಂಚೆ ಕೈಯಲ್ಲಿರಬೇಕಾದ ಕಾಗದಗಳು: ಚಿಪ್ಪು ಕೊಂಡ ರಸೀದಿಗಳು, ಚಿಪ್ಪು ವಾಪಸ್ ಕೊಟ್ಟ ರಸೀದಿ, ತೆರಿಗೆ ಕಡಿತದ ವಿವರ, ಹಣ ವರ್ಗಾವಣೆಗೆ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆ (ಯುಟಿಆರ್). ನಮ್ಮ ಜೆ.ಸಿ. ರಸ್ತೆಯವರು ಮೊದಲನೆಯದನ್ನು ಕಸದ ಬುಟ್ಟಿಗೆ ಹಾಕಿ ಬಂದಿದ್ದರು. "ಅದು ಖರ್ಚಿನ ಚೀಟಿ ಅಲ್ವಾ ಸಾರ್" ಅಂತ. ಹಾಕಿದ್ದೆಷ್ಟು, ಗೆದ್ದದ್ದೆಷ್ಟು ಎಂದು ಬೇರ್ಪಡಿಸಿ ತೋರಿಸಲು ಇರುವ ಆಧಾರ ಅದೊಂದೇ. ಮೇಜಿನ ಮೇಲೆ ಪ್ರತಿ ಸುತ್ತಿನ ಲೆಕ್ಕವನ್ನು ನಿಮಗಾಗಿ ಯಾರೂ ಬರೆದಿಡುವುದಿಲ್ಲ. ಇನ್ನೊಂದು ಮಾತು, ಈ ರಸೀದಿಗಳು ಪೆಟ್ರೋಲ್ ಬಂಕಿನ ಬಿಲ್ಲಿನಂಥ ನುಣುಪು ಕಾಗದವಾಗಿದ್ದರೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬೆಳ್ಳಗಾಗುತ್ತವೆ. ಅಲ್ಲೇ ನಿಂತು ಫೋಟೊ ಹೊಡೆದು ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.

ಚಿಪ್ಪು ಕೊಳ್ಳುವಾಗ ಜಿಎಸ್‌ಟಿ ಕೊಟ್ಟೆನಲ್ಲ, ಮತ್ತೆ ಯಾಕೆ ತೆರಿಗೆ ಎಂದು ಕೇಳುವವರಿದ್ದಾರೆ. ಅದು ಚಿಪ್ಪಿಗೆ ಕೊಟ್ಟ ಹಣದ ಮೇಲಿನದು. 28 ಪರ್ಸೆಂಟ್ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 40 ಆಗಿದೆ. ಗೆಲುವಿನ ಮೇಲಿನ ತೆರಿಗೆ ಬೇರೆ, ಒಂದನ್ನು ತೋರಿಸಿ ಇನ್ನೊಂದನ್ನು ಕಳೆಯಲಾಗದು.

ಊರಿಗೆ ಬರುವ ದಾರಿ

ಹಣ ಖಾತೆಗೆ ಹೋಗಿದ್ದರೆ ಈ ಭಾಗವನ್ನು ಬಿಟ್ಟು ಮುಂದೆ ಓದಬಹುದು. ಒಂದೂ ಮುಕ್ಕಾಲು ಲಕ್ಷದಷ್ಟು ನಗದು ಚೀಲದಲ್ಲಿದ್ದರೆ ರಸೀದಿಯೂ ಅದೇ ಚೀಲದಲ್ಲಿರಲಿ. ಚುನಾವಣೆ ಘೋಷಣೆಯಾಗಿದ್ದರೆ 50 ಸಾವಿರಕ್ಕಿಂತ ಹೆಚ್ಚಿನ ನಗದಿಗೆ ದಾಖಲೆ ಕೇಳುತ್ತಾರೆ, ತೋರಿಸದಿದ್ದರೆ ಜಪ್ತಿ. ಕಾರವಾರದ ದಾರಿಯಲ್ಲಿ ಬಂದರೆ ಮಾಜಾಳಿಯಲ್ಲಿ ಚೆಕ್‌ಪೋಸ್ಟ್ ಇದೆ. ಅಲ್ಲಿ ಸಾಮಾನ್ಯವಾಗಿ ಹುಡುಕುವುದು ಗೋವಾದ ಬಾಟಲಿಯನ್ನು, ಆದರೆ ಚೀಲ ಬಿಚ್ಚಿದ ಮೇಲೆ ಕಂಡದ್ದೆಲ್ಲ ಕಾಣುತ್ತದೆ. ವಿಮಾನ ನಿಲ್ದಾಣದಲ್ಲೂ ಅಷ್ಟೆ: ದೇಶದೊಳಗೆ ಇಷ್ಟೇ ನಗದು ಒಯ್ಯಬೇಕೆಂಬ ಮಿತಿಯಿಲ್ಲ, ಆದರೆ ದೊಡ್ಡ ಮೊತ್ತ ಕಂಡರೆ ಭದ್ರತಾ ಸಿಬ್ಬಂದಿ ಆದಾಯ ತೆರಿಗೆಯವರಿಗೆ ತಿಳಿಸಬಹುದು.

ವಾಟ್ಸ್ಯಾಪ್ ಸ್ಟೇಟಸ್ಸಿಗೆ ಚಿಪ್ಪಿನ ರಾಶಿಯ ಫೋಟೊ ಹಾಕಬೇಡಿ. ಯಾಕೆ ಅನ್ನುವುದು ಸೈಟಿನ ವಿಷಯ ಬಂದಾಗ ಗೊತ್ತಾಗುತ್ತದೆ.

ತೆರಿಗೆ: ಹದಿನಾಲ್ಕೂ ನಿಮ್ಮದಲ್ಲ

ಲಾಟರಿ, ಪದಬಂಧ, ಕುದುರೆ ಜೂಜು, ಇಸ್ಪೀಟು, ಬೆಟ್ಟಿಂಗ್: ಇಂಥವುಗಳಲ್ಲಿ ಗೆದ್ದದ್ದಕ್ಕೆಲ್ಲ ಒಂದೇ ದರ, 30 ಪರ್ಸೆಂಟ್. ಆ ತೆರಿಗೆಯ ಮೊತ್ತದ ಮೇಲೆ ಇನ್ನೂ 4 ಪರ್ಸೆಂಟ್ ಸೆಸ್. ಅಲ್ಲಿಗೆ 31.2. ನಮ್ಮ ರೇಸ್‌ಕೋರ್ಸ್ ರಸ್ತೆಯಲ್ಲಿ ಕುದುರೆ ಮೇಲೆ ಗೆದ್ದರೂ ಅದೇ. 1961ರ ಕಾಯ್ದೆಯಲ್ಲಿ ಇದು 115ಬಿಬಿ ಕಲಂ ಆಗಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬದಲಾಗಿದೆ, 30 ಮಾತ್ರ ಹಾಗೇ ಇದೆ.

ಮಾಮೂಲಿ ಸಂಬಳದ ತೆರಿಗೆಯ ಯಾವ ರಿಯಾಯಿತಿಯೂ ಇದಕ್ಕಿಲ್ಲ. ಇಷ್ಟು ಲಕ್ಷದವರೆಗೆ ತೆರಿಗೆಯಿಲ್ಲ ಎನ್ನುವ ಮಿತಿ ಇಲ್ಲಿ ಲೆಕ್ಕಕ್ಕಿಲ್ಲ, ಬೇರೆ ಆದಾಯವೇ ಇಲ್ಲದ ಪಿಂಚಣಿದಾರರೂ ಮೊದಲ ರೂಪಾಯಿಯಿಂದಲೇ ಕಟ್ಟಬೇಕು. ಎಲ್‌ಐಸಿ, ಪಿಪಿಎಫ್ ತೋರಿಸಿ ಕಳೆಯುವ ಹಾಗಿಲ್ಲ. ಗೋವಾಕ್ಕೆ ಹೋದ ಬಸ್ ಚಾರ್ಜು, ಹೋಟೆಲ್ ಬಾಡಿಗೆ ಖರ್ಚಾಗುವುದಿಲ್ಲ. ಜನಕ್ಕೆ ಎದೆ ಉರಿಯುವುದು ಮುಂದಿನ ಮಾತಿಗೆ: ಸೋತದ್ದನ್ನೂ ಕಳೆಯುವಂತಿಲ್ಲ. ಆಗಸ್ಟಿನಲ್ಲಿ 12 ಲಕ್ಷ ಸೋತು ಅಕ್ಟೋಬರಿನಲ್ಲಿ 20 ಲಕ್ಷ ಗೆದ್ದಿರಿ ಅನ್ನಿ, ನಿಮ್ಮ ಲೆಕ್ಕದಲ್ಲಿ 8 ಲಕ್ಷ ಲಾಭ, ಸರ್ಕಾರದ ಲೆಕ್ಕದಲ್ಲಿ 20 ಲಕ್ಷ ಆದಾಯ. ಸೋಲು ನಿಮ್ಮ ಸ್ವಂತದ್ದು, ಗೆಲುವಿನಲ್ಲಿ ಮಾತ್ರ ಸರ್ಕಾರ ಪಾಲುದಾರ.

ಗೆಲುವು 10 ಸಾವಿರ ಮೀರಿದರೆ ಕೊಡುವವರು 30 ಪರ್ಸೆಂಟ್ ಮೂಲದಲ್ಲೇ ಹಿಡಿಯಬೇಕು, ಅದೇ ಟಿಡಿಎಸ್. ಹಿಡಿಯದೇ ಪೂರ್ತಿ ಕೊಟ್ಟರೆ ಬಚಾವಾದೆ ಅಂದುಕೊಳ್ಳಬೇಡಿ, ಕಟ್ಟುವ ಹೊಣೆ ಆಗಲೂ ನಿಮ್ಮದೇ. ಬಹುಮಾನವಾಗಿ ಕಾರು ಬಂದರೆ ಅದರ ತೆರಿಗೆ ಸಂದಾಯವಾಗದೆ ಕೀಲಿ ಕೊಡುವಂತಿಲ್ಲ.

ಈಗ 14 ಲಕ್ಷದ ಪ್ರಶ್ನೆ. ಟಿಡಿಎಸ್‌ನಲ್ಲಿ ಬರೀ 30 ಹಿಡಿಯುತ್ತಾರೆ, ಸೆಸ್ ಸೇರಿರುವುದಿಲ್ಲ. 20 ಲಕ್ಷಕ್ಕೆ ತೆರಿಗೆ 6 ಲಕ್ಷ, ಅದರ 4 ಪರ್ಸೆಂಟ್ ಸೆಸ್ 24 ಸಾವಿರ. ಅದನ್ನು ನೀವೇ ಕಟ್ಟಬೇಕು. ಉಳಿಯುವುದು 13 ಲಕ್ಷ 76 ಸಾವಿರ. ನಮ್ಮವರು ಇದನ್ನು ಕೇಳಿ "ಇಷ್ಟೇನಾ" ಎಂದು ಉಸಿರುಬಿಟ್ಟರು.

ಎಲ್ಲರಿಗೂ ಇಷ್ಟೇ ಅಲ್ಲ. ವರ್ಷದ ಒಟ್ಟು ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ 10 ಪರ್ಸೆಂಟ್ ಸರ್‌ಚಾರ್ಜ್, 1 ಕೋಟಿ ದಾಟಿದರೆ 15, 2 ಕೋಟಿ ದಾಟಿದರೆ 25. 60 ಲಕ್ಷ ಗೆದ್ದವರ ಲೆಕ್ಕ ನೋಡಿ: ತೆರಿಗೆ 18 ಲಕ್ಷ, ಸರ್‌ಚಾರ್ಜ್ 1 ಲಕ್ಷ 80 ಸಾವಿರ, ಎರಡರ ಮೇಲೂ ಸೆಸ್ 79,200. ಒಟ್ಟು 20,59,200. ಟಿಡಿಎಸ್ ಹೋಗಿರುವುದು 18 ಲಕ್ಷ. ಅಂದರೆ 2,59,200 ಇನ್ನೂ ಬಾಕಿ, ಅಷ್ಟು ಹೊತ್ತಿಗೆ ಆ ದುಡ್ಡು ಸೋಫಾ ಸೆಟ್ಟಾಗಿರುತ್ತದೆ. ವೈಟ್‌ಫೀಲ್ಡಿನ ಐಟಿ ಹುಡುಗರು ಇನ್ನೂ ಒಂದು ವಿಷಯ ಗಮನಿಸಬೇಕು. ಸಂಬಳ 18 ಲಕ್ಷ, ಗೆಲುವು 40 ಲಕ್ಷ ಎಂದಾದರೆ ಒಂದೊಂದೂ 50ರ ಒಳಗೇ ಇದೆ. ಆದರೆ ಕೂಡಿದರೆ 58. ಸರ್‌ಚಾರ್ಜ್ ಆಗ ಗೆಲುವಿನ ತೆರಿಗೆಯ ಮೇಲಷ್ಟೇ ಅಲ್ಲ, ಸಂಬಳದ ತೆರಿಗೆಯ ಮೇಲೂ ಕೂರುತ್ತದೆ.

ಬಾಕಿಯನ್ನು ಯಾವಾಗ ಕಟ್ಟಬೇಕು? ಟಿಡಿಎಸ್ ಕಳೆದು ವರ್ಷಕ್ಕೆ 10 ಸಾವಿರ ಅಥವಾ ಹೆಚ್ಚು ತೆರಿಗೆ ಉಳಿದರೆ ಮುಂಗಡ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ ತಿಂಗಳ 15ಕ್ಕೆ. ಅಕ್ಟೋಬರಿನಲ್ಲಿ ಗೆಲ್ಲುತ್ತೇನೆಂದು ಜೂನಿನಲ್ಲಿ ಗೊತ್ತಿರಲು ಸಾಧ್ಯವಿಲ್ಲವಲ್ಲ, ಕಾನೂನಿಗೂ ಅದು ಅರ್ಥವಾಗಿದೆ: ಗೆದ್ದ ನಂತರದ ಕಂತುಗಳಲ್ಲಿ, ಕಂತೇ ಉಳಿದಿಲ್ಲದಿದ್ದರೆ ಮಾರ್ಚ್ 31ರೊಳಗೆ, ಕಟ್ಟಿಬಿಟ್ಟರೆ ಹಿಂದಿನ ಕಂತು ತಪ್ಪಿದ್ದಕ್ಕೆ ಬಡ್ಡಿ ಬೀಳದು. ಗೆದ್ದ ವಾರವೇ ಚಲನ್ ಕಟ್ಟಿ ಮುಗಿಸಿ ಎನ್ನುವುದು ನನ್ನ ಸಲಹೆ. ಬೇರೆ ಖಾತೆಯಲ್ಲಿ ಎತ್ತಿಡುತ್ತೇನೆ ಅಂದವರ ಖಾತೆಗಳನ್ನು ನಾನು ಮಾರ್ಚಿನಲ್ಲಿ ನೋಡಿದ್ದೇನೆ.

ರಿಟರ್ನಿನಲ್ಲಿ ಇದನ್ನು ಇತರ ಮೂಲದ ಆದಾಯ ಎಂದು ತೋರಿಸಬೇಕು. ಸಂಬಳದವರು ಪ್ರತಿವರ್ಷ ತುಂಬುವ ಐಟಿಆರ್-1 ಆಗುವುದಿಲ್ಲ, ಐಟಿಆರ್-2 ಬೇಕು, ಅಂಗಡಿಯವರಿಗೆ ಐಟಿಆರ್-3. ಸಲ್ಲಿಸುವ ಮುಂಚೆ ಆದಾಯ ತೆರಿಗೆ ಪೋರ್ಟಲಿನಲ್ಲಿ ನಿಮ್ಮ ಎಐಎಸ್ (ವರ್ಷದ ಆದಾಯ, ಕಡಿತಗಳ ಪಟ್ಟಿ) ತೆಗೆದು ಟಿಡಿಎಸ್ ಕಾಣುತ್ತಿದೆಯೇ ನೋಡಿ. ಕಾಣದಿದ್ದರೆ ಚೀಟಿಯಲ್ಲಿ 6 ಲಕ್ಷ ಹಿಡಿದಿದ್ದೇವೆ ಎಂದು ಬರೆದಿದ್ದರೂ ನಿಮಗೆ ಕ್ರೆಡಿಟ್ ಸಿಗುವುದು ಕಷ್ಟ. ಹಿಡಿದವರಿಗೆ ಬರೆದು ಟಿಡಿಎಸ್ ಪ್ರಮಾಣಪತ್ರ ಕೇಳಿ, ಪ್ಯಾನ್ ಸಂಖ್ಯೆಯಲ್ಲಿ ಒಂದಕ್ಷರ ತಪ್ಪಾಗಿದ್ದರೂ ಹೀಗಾಗುತ್ತದೆ.

ಬ್ಯಾಂಕಿನಿಂದ ಫೋನ್ ಬರಬಹುದು. ಸದಾ 40 ಸಾವಿರ ಆಡುವ ಖಾತೆಗೆ 14 ಲಕ್ಷ ಬಂದರೆ ವಿಚಾರಿಸದೆ ಇರುತ್ತಾರೆಯೇ? ಕ್ಯಾಸಿನೊ ಗೆಲುವು, ತೆರಿಗೆ ಕಡಿತವಾಗಿದೆ ಎಂದು ನೇರವಾಗಿ ಬರೆದು ರಸೀದಿ ಲಗತ್ತಿಸಿ. ನಾಚಿಕೆಗೆ "ಹೊಲ ಮಾರಿದ್ದು", "ಮಾವನವರು ಕೊಟ್ಟದ್ದು" ಎಂದು ಕತೆ ಕಟ್ಟಿದರೆ ಮುಂದೆ ಎಲ್ಲ ಕಡೆಯೂ ಆ ಹೊಲದ ಪಹಣಿ ಹುಡುಕಬೇಕಾಗುತ್ತದೆ.

ಪಾಲು ಕೇಳುವವರು

ಜೊತೆಗೆ ಹೋದ ನಾಲ್ವರೂ ಸೇರಿ ದುಡ್ಡು ಹಾಕಿದ್ದರೆ ಆಡುವ ಮುಂಚೆಯೇ ಯಾರದೆಷ್ಟು ಎಂದು ಗ್ರೂಪಿನಲ್ಲಿ ಒಂದು ಸಾಲು ಬರೆದುಕೊಂಡಿರಬೇಕು. ಗೆದ್ದ ಮೇಲೆ ನೆನಪುಗಳು ನಾಲ್ಕು ತರ ಆಗುತ್ತವೆ. ಪಂದ್ಯದಲ್ಲಿ ಗೆದ್ದದ್ದನ್ನು ವಸೂಲಿ ಮಾಡಲು ದಾವೆ ಹೂಡುವಂತಿಲ್ಲ ಎಂದು 1872ರ ಕರಾರು ಕಾಯ್ದೆಯ 30ನೇ ಕಲಂ ಹೇಳುತ್ತದೆ. "ನೀನು ಗೆದ್ದರೆ ನಾನು ಡಬಲ್ ಕೊಡ್ತೀನಿ" ಎಂದು ಹಡಗಿನ ಮೇಲೆ ಕಟ್ಟಿದ ಬಾಜಿಗೆ ಸಿಟಿ ಸಿವಿಲ್ ಕೋರ್ಟಿನಲ್ಲಿ ಬೆಲೆಯಿಲ್ಲ.

ಖುಷಿಗೆ ಕೊಡುವುದಾದರೆ ಕೊಡಿ, ಆದರೆ ತೆರಿಗೆ ಕಾಯ್ದೆಯ ನೆಂಟಸ್ತಿಕೆ ನಮ್ಮ ನೆಂಟಸ್ತಿಕೆಯಂತಲ್ಲ. ವರ್ಷಕ್ಕೆ 50 ಸಾವಿರ ಮೀರಿದ ಉಡುಗೊರೆ ನೆಂಟರಲ್ಲದವರಿಂದ ಬಂದರೆ ಪಡೆದವರು ಪೂರ್ತಿಗೆ ತೆರಿಗೆ ಕಟ್ಟಬೇಕು. ಗೆಳೆಯ ನೆಂಟನಲ್ಲ, ಸರಿ. ದೊಡ್ಡಪ್ಪನ ಮಗ? ನಮ್ಮ ಮನೆಗಳಲ್ಲಿ ಅವನು ಅಣ್ಣನೇ, ಕಾಯ್ದೆಗೆ ಮಾತ್ರ ಅಲ್ಲ. ಇನ್ನೂ ತಮಾಷೆ ಎಂದರೆ ಚಿಕ್ಕಪ್ಪ ನಿಮಗೆ ಕೊಟ್ಟರೆ ತೆರಿಗೆಯಿಲ್ಲ, ನೀವು ಚಿಕ್ಕಪ್ಪನಿಗೆ ಕೊಟ್ಟರೆ ಚಿಕ್ಕಪ್ಪ ಕಟ್ಟಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರು, ಹೆಂಡತಿ, ಮಕ್ಕಳಿಗೆ ಎಷ್ಟು ಕೊಟ್ಟರೂ ತೊಂದರೆಯಿಲ್ಲ. ಹೆಂಡತಿಯ ಹೆಸರಿನಲ್ಲಿ ಡಿಪಾಸಿಟ್ ಇಟ್ಟರೆ ಅದರ ಬಡ್ಡಿ ನಿಮ್ಮ ಆದಾಯಕ್ಕೇ ಸೇರುತ್ತದೆ, ಅಷ್ಟೆ.

"ಒಂದು ಸೈಟ್ ತಗೊಂಡುಬಿಡಿ"

ಬೆಂಗಳೂರಿನಲ್ಲಿ ಯಾರಿಗೆ ಯಾವ ರೀತಿ ದುಡ್ಡು ಬಂದರೂ ಮೂರನೇ ದಿನ ಈ ಮಾತು ಹೇಳುವ ಒಬ್ಬರು ಬರುತ್ತಾರೆ. ಸ್ಟೇಟಸ್ ನೋಡಿದ್ದರೆ ಮೊದಲನೇ ದಿನವೇ. ಮಾಗಡಿ ರಸ್ತೆಯಾಚೆ ಎಲ್ಲೋ ರೆವಿನ್ಯೂ ಸೈಟು, "ಮುಂದೆ ಎ ಖಾತಾ ಆಗುತ್ತೆ, ಈಗ ಹಿಡಿದರೆ ಅಗ್ಗ" ಅನ್ನುತ್ತಾರೆ. ಕಾಗದ ನೋಡದೆ ಟೋಕನ್ ಅಡ್ವಾನ್ಸ್ ಕೊಡಬೇಡಿ ಎನ್ನುವುದು ಎಲ್ಲರಿಗೂ ಗೊತ್ತಿದೆ. ನಿಮಗೆ ಮಾತ್ರ ಬರುವ ಫಜೀತಿ ಬೇರೆ ಇದೆ: ನಿಮ್ಮ ಹಣ 31.2 ಪರ್ಸೆಂಟ್ ಕಟ್ಟಿಸಿಕೊಂಡ ಪೂರ್ತಿ ವೈಟು. ಮಾರುವವರಿಗೆ ಅರ್ಧ ಬ್ಲ್ಯಾಕು ಬೇಕು. ಜೂಜಿನ ದುಡ್ಡು ಶುದ್ಧ, ಭೂಮಿಯ ದುಡ್ಡು ಮೈಲಿಗೆ! ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಹೆಚ್ಚು ನಗದು ಪಡೆಯುವುದೇ ಕಾನೂನಿಗೆ ವಿರುದ್ಧ. ಇಷ್ಟು ಕಷ್ಟಪಟ್ಟು ಉಳಿಸಿಕೊಂಡ ಕಾಗದದ ಜಾಡನ್ನು ಅಲ್ಲಿ ನೋಟು ಎಣಿಸಿ ಅಳಿಸಿಹಾಕಬೇಡಿ.

ಗೃಹಸಾಲವಿದ್ದರೆ ಮೊದಲು ಅದಕ್ಕೆ ಕಟ್ಟಿ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಡಿಪಾಸಿಟ್ ಇಡುವುದಾದರೆ ಒಂದೇ ಕಡೆ ಸುರಿಯಬೇಡಿ. ಠೇವಣಿ ವಿಮೆ ಒಂದು ಬ್ಯಾಂಕಿಗೆ ಒಬ್ಬರಿಗೆ 5 ಲಕ್ಷದವರೆಗೆ, ಅಸಲು ಬಡ್ಡಿ ಎರಡೂ ಸೇರಿ. 2020ರ ಫೆಬ್ರವರಿಯವರೆಗೆ ಅದು ಬರೀ 1 ಲಕ್ಷ ಇತ್ತು. ಅರ್ಧ ಪರ್ಸೆಂಟ್ ಹೆಚ್ಚಿಗೆ ಬಡ್ಡಿಯ ಆಸೆಗೆ ನಿವೃತ್ತಿಯ ಹಣವನ್ನೆಲ್ಲ ಒಂದೇ ಸಹಕಾರ ಬ್ಯಾಂಕಿನಲ್ಲಿಟ್ಟು ಅದರ ಬಾಗಿಲಲ್ಲಿ ಬಿಸಿಲಿಗೆ ನಿಂತವರನ್ನು ಈ ಊರು ನೋಡಿದೆ.

ಹೊರದೇಶದಲ್ಲಿ ಗೆದ್ದಿದ್ದರೆ

ಕೊಲಂಬೊ, ಸಿಂಗಪುರ, ಲಾಸ್ ವೇಗಸ್ ಎಲ್ಲೇ ಗೆದ್ದರೂ ಇಲ್ಲಿನ ನಿವಾಸಿಯಾದವರು ಇಲ್ಲಿ ತೋರಿಸಲೇಬೇಕು. ಸಿಂಗಪುರದಲ್ಲಿ ಹವ್ಯಾಸಕ್ಕೆ ಆಡುವವರ ಗೆಲುವಿಗೆ ತೆರಿಗೆಯಿಲ್ಲ, ಆ ಕಾರಣಕ್ಕೆ ಬೆಂಗಳೂರಿನಲ್ಲೂ ಇಲ್ಲ ಅನ್ನುವಂತಿಲ್ಲ. ಅಮೆರಿಕದಲ್ಲಿ ನಮ್ಮಂಥ ಹೊರಗಿನವರಿಗೆ ಸ್ಲಾಟ್ ಯಂತ್ರದ ಜಾಕ್‌ಪಾಟಿನಲ್ಲಿ 30 ಪರ್ಸೆಂಟ್ ಅಲ್ಲೇ ಹಿಡಿಯುತ್ತಾರೆ. ಬ್ಲ್ಯಾಕ್‌ಜಾಕ್, ರೂಲೆಟ್, ಬ್ಯಾಕರಾ, ಕ್ರ್ಯಾಪ್ಸ್ ಮೇಜುಗಳ ಗೆಲುವಿಗೆ ಆ ಕಡಿತವಿಲ್ಲ. ಅಲ್ಲಿ ಹಿಡಿದದ್ದಕ್ಕೆ ಇಲ್ಲಿ ಕ್ರೆಡಿಟ್ ಕೇಳಬಹುದು, ಅವರು ಕೊಡುವ ಕಡಿತದ ಪತ್ರವನ್ನು ಪಾಸ್‌ಪೋರ್ಟಿನಷ್ಟೇ ಜೋಪಾನ ಮಾಡಿ.

ನೋಟಿನಲ್ಲಿ ತರುವವರು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ, ಘೋಷಿಸಲು ಏನೂ ಇಲ್ಲದವರು ಹೋಗುವ ಹಸಿರು ದಾರಿ ಹಿಡಿಯುವ ಮುಂಚೆ ಯೋಚಿಸಿ. ವಿದೇಶಿ ನೋಟು 5,000 ಡಾಲರ್ ಮೀರಿದ್ದರೆ, ಅಥವಾ ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ಮೀರಿದ್ದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಮನೆಯಲ್ಲಿ 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು, ಮಿಕ್ಕದ್ದನ್ನು 180 ದಿನದೊಳಗೆ ಬ್ಯಾಂಕಿಗೋ ಅಧಿಕೃತ ವಿನಿಮಯದಾರರಿಗೋ ಕೊಟ್ಟು ರೂಪಾಯಿ ಮಾಡಿಸಿಕೊಳ್ಳಿ, ಅದಕ್ಕೂ ರಸೀದಿ ಪಡೆಯಿರಿ.

ಮೊಬೈಲಿನಲ್ಲಿ "ಗೆದ್ದಿದ್ದರೆ"

2025ರ ಆಗಸ್ಟಿನಲ್ಲಿ ಬಂದ ಕೇಂದ್ರದ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದೆ. ಆದರೂ ಟೆಲಿಗ್ರಾಂ ಲಿಂಕುಗಳು ನಿಂತಿಲ್ಲ. ಪರದೆಯ ಮೇಲೆ 8 ಲಕ್ಷ ಗೆದ್ದಿದ್ದೀರಿ ಎಂದು ತೋರಿಸಿ, ಬಿಡಿಸಿಕೊಳ್ಳಲು ಮೊದಲು ತೆರಿಗೆ ಎಂದು 80 ಸಾವಿರ ಕಳಿಸಿ ಎನ್ನುತ್ತಾರೆ. ನಿಜವಾದ ತೆರಿಗೆಯನ್ನು ಗೆದ್ದ ಹಣದಿಂದ ಹಿಡಿಯುತ್ತಾರೆ, ಇಲ್ಲವೇ ನೀವೇ ಸರ್ಕಾರಕ್ಕೆ ಕಟ್ಟುತ್ತೀರಿ, ಯಾರದೋ ಯುಪಿಐಗೆ ಕಳಿಸುವುದಿಲ್ಲ. ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಗಂಟೆಗಳು ಕಳೆದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ಹಾರುತ್ತಿರುತ್ತದೆ.

ಆಮೇಲೆ ಬರುವ ಫೋನು

ಹತ್ತು ಹದಿನೈದು ದಿನಕ್ಕೆ ಒಂದು ಇಂಪಾದ ದನಿ ಕರೆ ಮಾಡುತ್ತದೆ. ಮುಂದಿನ ವೀಕೆಂಡಿಗೆ ರೂಮ್ ಫ್ರೀ, ಮನೆಯವರನ್ನೂ ಕರೆದುಕೊಂಡು ಬನ್ನಿ. ನಿಮ್ಮ ಮೇಲಿನ ಪ್ರೀತಿ ಅಲ್ಲ, 2 ರೂಪಾಯಿ 70 ಪೈಸೆಯ ಮೇಲಿನ ನಂಬಿಕೆ. ದೊಡ್ಡದಾಗಿ ಗೆದ್ದವನು ವಾಪಸ್ ಬಂದರೆ ಸಾಕು, ಲೆಕ್ಕ ತಾನಾಗಿ ನಡೆಯುತ್ತದೆ. ಆ ನಂಬರನ್ನು ಬ್ಲಾಕ್ ಮಾಡಿ, ಮೆಸೇಜ್ ಕಳಿಸಬೇಡಿ ಎಂದು ಒಂದು ಮೇಲ್ ಹಾಕಿ.

ಕೈ ತಡೆಯುತ್ತಿಲ್ಲ, ನಿದ್ದೆಯಲ್ಲೂ ಚಕ್ರ ತಿರುಗುತ್ತಿದೆ ಅನ್ನಿಸಿದರೆ ಮುಚ್ಚಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಪುಕ್ಕಟೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಸೋತವರೇ ಹೋಗಬೇಕೆಂದೇನಿಲ್ಲ.

ನಮ್ಮ ಜೆ.ಸಿ. ರಸ್ತೆಯವರು ಆ ವಾರವೇ 24 ಸಾವಿರದ ಚಲನ್ ಕಟ್ಟಿದರು. ಜುಲೈನಲ್ಲಿ ರಿಟರ್ನಿಗೆ ಬಂದಾಗ ಹೆಂಡತಿಯೂ ಜೊತೆಗಿದ್ದರು, ಫೈಲು ಅವರ ಕೈಯಲ್ಲಿತ್ತು. ಎಲ್ಲ ಮುಗಿದು ಏಳುವಾಗ ಇವರು ತಡವರಿಸಿ, "ಸಾರ್, ಒಂದು ಚಿಪ್ಪು ಜೇಬಲ್ಲೇ ಉಳ್ಕೊಂಡಿತ್ತು. ಐನೂರರದ್ದು. ತೋರಿಸ್ಬೇಕಾ? ಇಲ್ಲ ಹೋಗಿ ಬಿಡಿಸ್ಕೊಂಡು ಬರಲಾ?" ಅಂದರು.

ನಾನು ಬಾಯಿ ತೆರೆಯುವ ಮುಂಚೆ ಆಕೆಯೇ ಹೇಳಿದರು: "ಅದೆಲ್ರೀ ಈಗ? ನಿಮ್ಮ ಮಗಳು ಚೌಕಾಬಾರಕ್ಕೆ ಕಾಯಿ ಮಾಡ್ಕೊಂಡಿದಾಳೆ."